ರೆಕಾರ್ಡ್ ಹಾಕಿದಾಗ ಬರುವ ‘ಗುಂಯ್’ ಸದ್ದು: ಮೂಲ ಹುಡುಕುವ ಕ್ರಮ

ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯೊಂದನ್ನು ಹಾಕಿದಾಗ, ಮುಳ್ಳು ಗೀರಿಗೆ ಇಳಿದ ಮೇಲೆ ತಂಬೂರಿ ಕೇಳಿಸುವುದಕ್ಕೆ ಮುಂಚಿನ ಎರಡು ಮೂರು ಸೆಕೆಂಡುಗಳಲ್ಲೇ ನಿಮ್ಮ ಸ್ಟೀರಿಯೋದ ಆರೋಗ್ಯ ಗೊತ್ತಾಗಿಬಿಡುತ್ತದೆ. ಆ ಮೌನದಲ್ಲಿ ಚಟಪಟ ಸದ್ದು ಕೇಳಿಸಿದರೆ ಅದು ಧೂಳು, ಒರೆಸಿದರೆ ಹೋಗುತ್ತದೆ. ಆದರೆ ಅದರ ಅಡಿಯಲ್ಲಿ ಒಂದು ಮೊರೆತವೋ ಗುಡುಗುಡುವೋ ಇದ್ದರೆ, ಮುಂದಿನ ಇಪ್ಪತ್ತು ನಿಮಿಷವೂ ತಂಬೂರಿಯ ಖರ್ಜದ ತಂತಿಯ ಪಕ್ಕದಲ್ಲಿ ಶ್ರುತಿಗೆ ಸೇರದ ಇನ್ನೊಂದು ತಂತಿಯನ್ನು ಯಾರೋ ಮೀಟುತ್ತಲೇ ಇದ್ದಾರೇನೋ ಎನ್ನಿಸುತ್ತದೆ. ಒಮ್ಮೆ ಕಿವಿಗೆ ಬಿದ್ದ ಮೇಲೆ ಅದನ್ನು ಕೇಳಿಸಿಕೊಳ್ಳದೆ ಇರಲು ಆಗುವುದಿಲ್ಲ.

ಈ ಸದ್ದನ್ನು ಎಲ್ಲರೂ ‘ಗುಂಯ್ ಅನ್ನುತ್ತೆ’ ಅಥವಾ ‘ಬೇಸ್ ಜಾಸ್ತಿ ಬರುತ್ತೆ’ ಎಂಬ ಎರಡೇ ಮಾತಿನಲ್ಲಿ ಹೇಳುತ್ತಾರೆ. ಆ ಎರಡು ಮಾತುಗಳ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ಐದಾರು ದೋಷಗಳು ಅಡಗಿರಬಹುದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ನಾಟುವುದಿಲ್ಲ, ಕೆಲವೊಮ್ಮೆ ಅದನ್ನು ಉಲ್ಬಣಗೊಳಿಸುತ್ತದೆ. ಆದ್ದರಿಂದ ಏನನ್ನಾದರೂ ಕೊಳ್ಳುವ, ಬಿಚ್ಚುವ, ಬದಲಾಯಿಸುವ ಮೊದಲು ಸದ್ದು ಯಾವ ಜಾತಿಯದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಹತ್ತು ನಿಮಿಷ ಬಿಡುವು, ಒಂದು ಟಾರ್ಚು ಮತ್ತು ತಾಳ್ಮೆ ಇದ್ದರೆ ಸಾಕು.

ನಾನು ಈ ಕ್ರಮವನ್ನು ಪೂರ್ತಿಯಾಗಿ ಪಾಲಿಸಿದ್ದು ಮೈಸೂರಿನಲ್ಲಿರುವ ನಮ್ಮ ದೊಡ್ಡಪ್ಪನವರ ಮನೆಯಲ್ಲಿ. ಮದ್ರಾಸ್ ತಾರಸಿಯ ಹಳೆಯ ಮನೆ. ಮಹಡಿಯ ಕೋಣೆಯ ನೆಲ ಮರದ ಜಂತೆಗಳ ಮೇಲೆ ಕೂತಿದೆ. ಪ್ಲೈವುಡ್ಡಿನ ಉದ್ದನೆಯ ಶೋಕೇಸ್, ಅದರ ನಡುವೆ ಟರ್ನ್‌ಟೇಬಲ್, ಅದರ ಎರಡು ತುದಿಗೆ ಎರಡು ಸ್ಪೀಕರ್. ನಾನು ಹೋಗುವಷ್ಟರಲ್ಲಿ ಅವರು ಆಂಪ್ಲಿಫೈಯರನ್ನು ಒಮ್ಮೆ ರಿಪೇರಿಗೆ ಕೊಟ್ಟು ತಂದಿದ್ದರು, ಹೊಸ ಕಾರ್ಟ್ರಿಡ್ಜ್ (ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದು ಅದರ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಹಾಕಿಸಿದ್ದರು, ಟರ್ನ್‌ಟೇಬಲ್ಲಿನ ಕಾಲುಗಳ ಕೆಳಗೆ ರಬ್ಬರಿನ ಬಿಲ್ಲೆಗಳನ್ನೂ ಇಟ್ಟಿದ್ದರು. ಸದ್ದು ಮಾತ್ರ ಹೋಗಿರಲಿಲ್ಲ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ: ಅಲ್ಲಿದ್ದದ್ದು ಒಂದು ದೋಷವಲ್ಲ, ಒಂದರ ಮೇಲೊಂದು ಕೂತಿದ್ದ ಮೂರು ದೋಷಗಳು.

ತಗ್ಗಿನ ಸದ್ದಿಗೇ ಏಕೆ ಈ ಕಾಟ

ಸಿ.ಡಿ.ಯಲ್ಲಿಯೋ ಮೊಬೈಲಿನಲ್ಲಿಯೋ ಇಲ್ಲದ ಈ ತೊಂದರೆ ರೆಕಾರ್ಡಿಗೆ ಮಾತ್ರ ಏಕೆ ಎಂಬುದನ್ನು ತಿಳಿದರೆ ಮುಂದಿನ ಹುಡುಕಾಟ ಸುಲಭವಾಗುತ್ತದೆ. ತಗ್ಗಿನ ಸ್ವರಗಳನ್ನು ಇದ್ದ ಹಾಗೆಯೇ ಕೊರೆದರೆ ಗೀರು ಅತ್ತಿತ್ತ ಅಗಲವಾಗಿ ಓಲಾಡಿ ರೆಕಾರ್ಡಿನ ಜಾಗವನ್ನೆಲ್ಲ ತಿಂದುಬಿಡುತ್ತದೆ. ಆದ್ದರಿಂದ ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ನುಡಿಸುವಾಗ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಿಕೊಳ್ಳುವ ಪದ್ಧತಿ ಬಂದಿತು. 1954ರಲ್ಲಿ ನೆಲೆಗೊಂಡ ಆರ್‌ಐಎಎ ಎಂಬ ಮಾನಕವೇ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಆಂಪ್ಲಿಫೈಯರಿನಲ್ಲಿ ರೆಕಾರ್ಡಿಗೆಂದೇ ಇರುವ ಫೋನೋ ಭಾಗವು 1000 ಹರ್ಟ್ಜ್ ಸ್ವರಕ್ಕೆ ಹೋಲಿಸಿದರೆ 50 ಹರ್ಟ್ಜ್ ಸ್ವರವನ್ನು ಸುಮಾರು 17 ಡೆಸಿಬೆಲ್, ಅಂದರೆ ಏಳು ಪಟ್ಟು ಹೆಚ್ಚಿಗೆ ವರ್ಧಿಸುತ್ತದೆ. 20 ಹರ್ಟ್ಜ್‌ನಲ್ಲಿ ಇದು ಒಂಬತ್ತು ಪಟ್ಟಿಗೂ ಮೀರುತ್ತದೆ.

ಇದರ ಜೊತೆಗೆ, ಸಿ.ಡಿ. ಪ್ಲೇಯರ್ ಸುಮಾರು 2 ವೋಲ್ಟ್ ಕೊಟ್ಟರೆ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಕೊಡುವುದು 5 ಮಿಲಿವೋಲ್ಟಿನ ಆಸುಪಾಸು. ಅದನ್ನು ಮೇಲೆತ್ತಲು ಫೋನೋ ಭಾಗ 1000 ಹರ್ಟ್ಜ್‌ನಲ್ಲಿ ಸುಮಾರು ನೂರು ಪಟ್ಟು ವರ್ಧಿಸುತ್ತದೆ ಎಂದಿಟ್ಟುಕೊಂಡರೆ, 50 ಹರ್ಟ್ಜ್‌ನಲ್ಲಿ ಅದು ಏಳುನೂರು ಪಟ್ಟಾಗುತ್ತದೆ. ನಮ್ಮ ಮನೆಗಳ ಕರೆಂಟಿನ ಆವೃತ್ತಿ ಕೂಡ ಸರಿಯಾಗಿ 50 ಹರ್ಟ್ಜ್ ಎಂಬುದನ್ನು ಇಲ್ಲಿ ನೆನಪಿಡಬೇಕು. ಇನ್ನು ಮುಳ್ಳಿನ ವಿಷಯ: ಅದು ಭೂಕಂಪ ಅಳೆಯುವ ಯಂತ್ರದಷ್ಟೇ ಸೂಕ್ಷ್ಮವಾದದ್ದು. ತನ್ನನ್ನು ಅಲುಗಾಡಿಸಿದ್ದು ಗೀರೋ, ಮೋಟಾರೋ, ನಿಮ್ಮ ಹೆಜ್ಜೆಯೋ, ಸ್ಪೀಕರಿನಿಂದಲೇ ಹೊರಟ ಕಂಪನವೋ ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಎಲ್ಲವನ್ನೂ ಸಂಗೀತವೆಂದೇ ಒಪ್ಪಿಸುತ್ತದೆ.

ಮೊದಲು ಹೊರಗಿಡಬೇಕಾದವು

ಪರೀಕ್ಷೆಗೆ ತೊಡಗುವ ಮುನ್ನ ಬೇಸ್ ತಿರುಪನ್ನು ನಡುವಿಗೆ ತಂದು, ‘ಲೌಡ್‌ನೆಸ್’ ಗುಂಡಿಯನ್ನು ಆರಿಸಿ. ಈ ಗುಂಡಿ ಕಡಿಮೆ ವಾಲ್ಯೂಮಿನಲ್ಲಿ ತಗ್ಗಿನ ಸ್ವರವನ್ನು ಬೇಕೆಂದೇ ಎತ್ತಿಕೊಡುತ್ತದೆ. ವರ್ಷಗಟ್ಟಲೆ ಅದು ಒತ್ತಿದಂತೆಯೇ ಉಳಿದು ಮರೆತುಹೋಗಿರುವುದುಂಟು. ಬಳಿಕ ಅದೇ ಸ್ಪೀಕರುಗಳಲ್ಲಿ ಮೊಬೈಲಿನಿಂದಲೋ ಸಿ.ಡಿ.ಯಿಂದಲೋ ಪರಿಚಿತವಾದ ಸಂಗೀತವನ್ನು ಕೇಳಿ. ಅಲ್ಲಿಯೂ ಮೃದಂಗದ ಎಡಭಾಗ ಉಬ್ಬಿಕೊಂಡು ಕೇಳಿಸಿದರೆ ತಪ್ಪು ಕೋಣೆಯದು ಅಥವಾ ಸ್ಪೀಕರ್ ಇಟ್ಟ ಜಾಗದ್ದು. 12 ಅಡಿ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ 47 ಹರ್ಟ್ಜ್ ಆಸುಪಾಸಿನ ಸ್ವರ ತಾನಾಗಿಯೇ ಬಲಗೊಳ್ಳುತ್ತದೆ, ಮೂಲೆಯಲ್ಲಿಟ್ಟ ಸ್ಪೀಕರ್ ಅದನ್ನು ಇನ್ನಷ್ಟು ಕೆರಳಿಸುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಎರಡು ಅಡಿ ಮುಂದಕ್ಕೆ ಎಳೆದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಇನ್ನೊಂದು ಸಾಮಾನ್ಯ ಪ್ರಮಾದ ಹೊಸ ಟರ್ನ್‌ಟೇಬಲ್‌ಗಳಲ್ಲಿ ಕಾಣುತ್ತದೆ. ಅವುಗಳ ಹಿಂಭಾಗದಲ್ಲಿ ಫೋನೋ ಮತ್ತು ಲೈನ್ ಎಂಬ ಸ್ವಿಚ್ ಇರುತ್ತದೆ; ಲೈನ್‌ಗೆ ಹಾಕಿದರೆ ಟರ್ನ್‌ಟೇಬಲ್ಲಿನೊಳಗೇ ಇರುವ ಫೋನೋ ಭಾಗ ಕೆಲಸ ಮಾಡುತ್ತದೆ. ಸ್ವಿಚ್ ಲೈನ್‌ನಲ್ಲಿದ್ದು ವೈರನ್ನು ಆಂಪ್ಲಿಫೈಯರಿನ ಫೋನೋ ಸಾಕೆಟ್ಟಿಗೆ ಚುಚ್ಚಿದ್ದರೆ, ಮೇಲೆ ಹೇಳಿದ ಹಿಗ್ಗಿಸುವಿಕೆ ಎರಡು ಸಲ ನಡೆದು ತಗ್ಗಿನ ಸ್ವರಗಳು ದಪ್ಪಗೆ, ಒಡಕಾಗಿ, ಕಂಬಳಿ ಹೊದ್ದಂತೆ ಕೇಳುತ್ತವೆ. ಎರಡರಲ್ಲಿ ಒಂದನ್ನು ಬದಲಾಯಿಸಿದರೆ ದೋಷ ಆ ಕ್ಷಣವೇ ಮಾಯವಾಗುತ್ತದೆ.

ನಾಲ್ಕು ಸ್ಥಿತಿಗಳಲ್ಲಿ ಕೇಳಿ ನೋಡುವುದು

ಈ ಕೈಪಿಡಿಯ ತಿರುಳು ಇಲ್ಲಿದೆ. ವಾಲ್ಯೂಮನ್ನು ನೀವು ದಿನವೂ ಕೇಳುವ ಮಟ್ಟದಲ್ಲಿಟ್ಟು, ಆಂಪ್ಲಿಫೈಯರನ್ನು ಫೋನೋಗೆ ಹಾಕಿ. ಮೊದಲ ಸ್ಥಿತಿಯಲ್ಲಿ ಮೋಟಾರ್ ನಿಂತಿರಬೇಕು, ತೋಳು ತನ್ನ ಕೊಕ್ಕೆಯಲ್ಲಿರಬೇಕು. ಈಗಲೂ ಗುಂಯ್ ಎನ್ನುತ್ತಿದ್ದರೆ ಅದು ವಿದ್ಯುತ್ತಿನ ಸದ್ದು; ಬೇರಿಂಗಿಗೂ ತಟ್ಟೆಗೂ ಅದರಲ್ಲಿ ಯಾವ ಪಾತ್ರವೂ ಇಲ್ಲ. ಎರಡನೆಯ ಸ್ಥಿತಿಯಲ್ಲಿ ಮೋಟಾರನ್ನು ಓಡಿಸಿ, ಮುಳ್ಳನ್ನು ಇಳಿಸದೆ, ಲಿವರಿನಿಂದ ಎತ್ತಿ ಹಿಡಿದ ತೋಳನ್ನು ತಟ್ಟೆಯ ಅಂಚಿನಿಂದ ನಡುವಿನವರೆಗೆ ಮೆಲ್ಲಗೆ ಸರಿಸಿ. ಸರಿಸಿದಂತೆ ಸದ್ದು ಏರಿಳಿದರೆ, ಮೋಟಾರಿನ ಅಥವಾ ಪಕ್ಕದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಕಾರ್ಟ್ರಿಡ್ಜಿನೊಳಗಿನ ಸುರುಳಿಗಳು ಹಿಡಿಯುತ್ತಿವೆ ಎಂದರ್ಥ. ಮೂರನೆಯ ಸ್ಥಿತಿಯಲ್ಲಿ ಮೋಟಾರನ್ನು ನಿಲ್ಲಿಸಿ, ಅಲುಗಾಡದೆ ನಿಂತಿರುವ ತಟ್ಟೆಯಲ್ಲಿನ ರೆಕಾರ್ಡಿನ ಮೇಲೆ ಮುಳ್ಳನ್ನು ಇಳಿಸಿ, ವಾಲ್ಯೂಮ್ ತಿರುಪಿನಿಂದ ಕೈ ತೆಗೆಯದೆ ಮೆಲ್ಲಮೆಲ್ಲಗೆ ಏರಿಸುತ್ತಾ ಹೋಗಿ. ಯಾವುದೋ ಒಂದು ಹಂತದಲ್ಲಿ ‘ಗೂಂ’ ಎಂಬ ಸದ್ದು ತಾನಾಗಿ ಹುಟ್ಟಿ ಉಬ್ಬತೊಡಗಿದರೆ ತಕ್ಷಣ ತಗ್ಗಿಸಿ, ಇಲ್ಲವಾದರೆ ಸ್ಪೀಕರಿನಲ್ಲಿ ತಗ್ಗಿನ ಸ್ವರ ನುಡಿಸುವ ವೂಫರಿಗೆ ಪೆಟ್ಟಾಗುತ್ತದೆ. ಇದು ಸ್ಪೀಕರಿನ ಕಂಪನ ಮರಳಿ ಮುಳ್ಳಿಗೆ ಸೇರುತ್ತಿರುವ ದೋಷ. ನಾಲ್ಕನೆಯದರಲ್ಲಿ ತಟ್ಟೆ ತಿರುಗುತ್ತಿರಲಿ, ಮುಳ್ಳು ಎರಡು ಹಾಡುಗಳ ನಡುವಿನ ಖಾಲಿ ಗೀರಿನಲ್ಲಿರಲಿ. ಹಿಂದಿನ ಮೂರರಲ್ಲಿ ಇಲ್ಲದಿದ್ದು ಇಲ್ಲಿ ಮಾತ್ರ ಕೇಳಿಬರುವ ಗುಡುಗುಡು ಯಂತ್ರದ್ದು ಅಥವಾ ರೆಕಾರ್ಡಿನದ್ದು.

ದೊಡ್ಡಪ್ಪನವರ ಮನೆಯಲ್ಲಿ ಮೊದಲ ಸ್ಥಿತಿಯಲ್ಲೇ ಸಣ್ಣಗೆ ಗುಂಯ್ ಇತ್ತು. ಮೂರನೆಯದರಲ್ಲಿ ತಿರುಪು ಅರ್ಧ ದಾಟುವ ಮೊದಲೇ ಶೋಕೇಸಿನ ಗಾಜುಗಳು ಅದುರಿದವು. ನಾಲ್ಕನೆಯದರಲ್ಲಿ ಕಿವಿಗೆ ಹೊಸದೇನೂ ಕೇಳಿಸಲಿಲ್ಲ, ಆದರೆ ಸ್ಪೀಕರಿನ ಮುಂಬಟ್ಟೆ ತೆಗೆದು ಟಾರ್ಚನ್ನು ಓರೆಯಾಗಿ ಹಿಡಿದಾಗ ವೂಫರಿನ ಕೋನು, ಓಡಿ ಬಂದ ಪ್ರಾಣಿಯ ಹೊಟ್ಟೆಯಂತೆ, ಒಳಕ್ಕೂ ಹೊರಕ್ಕೂ ಬಡಬಡನೆ ಆಡುತ್ತಿತ್ತು. “ಇದೇನಪ್ಪ, ಸದ್ದೇ ಇಲ್ಲ, ಇದು ಮಾತ್ರ ಕುಣೀತಾ ಇದೆ?” ಎಂದರು. “ಅದೇ ಮೂರನೇದು ದೊಡ್ಡಪ್ಪ, ಅದನ್ನ ಕೊನೇಲಿ ನೋಡೋಣ, ನೀವು ಮೊದಲು ಹಿಂದಗಡೆ ವೈರುಗಳನ್ನ ತೋರಿಸಿ” ಎಂದೆ.

ವಿದ್ಯುತ್ತಿನ ಗುಂಯ್

ಟರ್ನ್‌ಟೇಬಲ್ಲಿನಿಂದ ಎಡ ಬಲದ ವೈರುಗಳ ಜೊತೆ ತೆಳ್ಳನೆಯ ಇನ್ನೊಂದು ವೈರು ಬರುತ್ತದೆ. ಅದರ ತುದಿಯ ಕವೆಯನ್ನು ಆಂಪ್ಲಿಫೈಯರಿನ ಹಿಂಬದಿಯಲ್ಲಿ ಜಿಎನ್‌ಡಿ ಎಂದು ಬರೆದ ತಿರುಪಿಗೆ ಬಿಗಿಯಬೇಕು. ಲೋಹದ ತೋಳು ಮತ್ತು ಮೋಟಾರಿನ ಚಾಸಿ ಹಿಡಿದುಕೊಳ್ಳುವ ಕರೆಂಟಿನ ಸದ್ದಿಗೆ ಅದೇ ಹೊರದಾರಿ. ಈ ವೈರು ಬಿಟ್ಟುಹೋಗಿದೆಯೇ ಎಂದು ತಿಳಿಯಲು ತೋಳಿನ ಲೋಹದ ಭಾಗವನ್ನು ಬೆರಳಿನಿಂದ ಮುಟ್ಟಿ; ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಅರ್ತ್ ದಾರಿ ಎಲ್ಲಿಯೋ ಕಡಿದಿದೆ. ದೊಡ್ಡಪ್ಪನವರ ಆಂಪ್ಲಿಫೈಯರ್ ರಿಪೇರಿಯಿಂದ ಮರಳಿದಾಗ ಜೋಡಿಸಿದವರು ಈ ವೈರನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಹಿಂದೆ ಸಿಕ್ಕಿಸಿಬಿಟ್ಟಿದ್ದರು. ತಿರುಪಿಗೆ ಬಿಗಿದ ಕೂಡಲೇ ಮೊದಲನೆಯ ದೋಷ ಮುಕ್ಕಾಲು ಪಾಲು ಹೋಯಿತು.

ಉಳಿದ ಕಾಲುಪಾಲಿಗೆ ಕಾರಣ ಕೇಬಲ್ ಟಿವಿ. ಅದೇ ಆಂಪ್ಲಿಫೈಯರಿಗೆ ಸೆಟ್‌ಟಾಪ್ ಬಾಕ್ಸಿನ ಧ್ವನಿಯನ್ನೂ ಕೊಟ್ಟಿದ್ದರು. ಹೊರಗಿನಿಂದ ಬರುವ ಕೇಬಲ್ಲಿನ ಮೇಲ್ಕವಚ ಒಂದು ಅರ್ತ್, ಮನೆಯ ಗೋಡೆಯ ಸಾಕೆಟ್ಟಿನದು ಇನ್ನೊಂದು ಅರ್ತ್, ಎರಡರ ನಡುವೆ ವೃತ್ತ ಕಟ್ಟಿಕೊಂಡು ಸಣ್ಣ ಕರೆಂಟು ಹರಿಯುತ್ತಿತ್ತು. ಇಂಥ ವೃತ್ತವನ್ನು ಪತ್ತೆಮಾಡಲು ಆಂಪ್ಲಿಫೈಯರಿಗೆ ಸೇರಿದ ಒಂದೊಂದೇ ಉಪಕರಣವನ್ನು ಕಳಚುತ್ತಾ ಹೋಗಬೇಕು, ಕೇಬಲ್ ವೈರನ್ನೂ ಕಳಚಬೇಕು. ಯಾವುದನ್ನು ಕಳಚಿದಾಗ ಸದ್ದು ನಿಲ್ಲುತ್ತದೆಯೋ ಅದೇ ಮೂಲ. ಎಲ್ಲ ಉಪಕರಣಗಳನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿದರೆ ಹಲವು ಸಲ ತೊಂದರೆ ತಗ್ಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗುಂಯ್ ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ನನ್ನು ಕಿತ್ತುಹಾಕುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಸದ್ದು ನಿಲ್ಲಬಹುದು, ಆದರೆ ಆಂಪ್ಲಿಫೈಯರಿನೊಳಗೆ ಎಂದಾದರೂ ಕರೆಂಟು ಲೋಹದ ಪೆಟ್ಟಿಗೆಗೆ ತಗುಲಿದರೆ ಅದು ಹರಿದುಹೋಗುವ ದಾರಿ ಮುಟ್ಟಿದವರ ದೇಹವಾಗುತ್ತದೆ. ಯಾವ ಸಂಗೀತಕ್ಕಾಗಿಯೂ ಆ ಪಿನ್ನನ್ನು ತೆಗೆಯಬೇಡಿ. ಮನೆಯ ಅರ್ತಿಂಗೇ ಸರಿಯಿಲ್ಲವೆಂಬ ಅನುಮಾನವಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಗುಂಯ್ ಒಂದೇ ಕಡೆಯ ಸ್ಪೀಕರಿನಲ್ಲಿದ್ದರೆ ಆಂಪ್ಲಿಫೈಯರಿನ ಬಳಿ ಎಡ ಬಲದ ವೈರುಗಳನ್ನು ಅದಲುಬದಲು ಮಾಡಿ. ಸದ್ದು ಇನ್ನೊಂದು ಕಡೆಗೆ ಹೋದರೆ ದೋಷ ಟರ್ನ್‌ಟೇಬಲ್ಲಿನ ಕಡೆಗಿದೆ. ಅಲ್ಲೇ ಉಳಿದರೆ ಆಂಪ್ಲಿಫೈಯರಿನದು. ಟರ್ನ್‌ಟೇಬಲ್ಲಿನದೆಂದು ಗೊತ್ತಾದ ಮೇಲೆ ಕಾರ್ಟ್ರಿಡ್ಜಿನ ಹಿಂಬದಿಯ ನಾಲ್ಕು ಎಳೆಗಳನ್ನು ನೋಡಿ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಇವುಗಳಲ್ಲಿ ನೀಲಿ ಅಥವಾ ಹಸಿರು ಸಡಿಲವಾಗಿದ್ದರೆ ಆ ಕಡೆ ಜೋರಾಗಿ ಮೊರೆಯುತ್ತದೆ. ಮಳೆಗಾಲದಲ್ಲಿ ಹಸಿರುಗಟ್ಟುವ ಸಾಕೆಟ್ಟುಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿದರೆ ಸಾಕಾಗುವುದೂ ಉಂಟು. ಎರಡನೆಯ ಸ್ಥಿತಿಯಲ್ಲಿ ಸದ್ದು ಏರಿಳಿದಿದ್ದರೆ ಟರ್ನ್‌ಟೇಬಲ್ಲನ್ನು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಇರುವ ಪಕ್ಕದಿಂದ ಎರಡು ಮೂರು ಅಡಿ ದೂರ ಸರಿಸಿ. ಒಂದರ ಮೇಲೊಂದನ್ನು ಪೇರಿಸುವುದಂತೂ ಬೇಡವೇ ಬೇಡ.

ಸ್ಪೀಕರಿನಿಂದ ಮುಳ್ಳಿಗೆ, ಮುಳ್ಳಿನಿಂದ ಸ್ಪೀಕರಿಗೆ

ಗುಂಯ್ ಎಂಬ ದೂರುಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ, ಎಲ್ಲರೂ ಕೊನೆಗೆ ಅನುಮಾನಿಸುವುದೂ ಇದನ್ನೇ. ಸ್ಪೀಕರ್ ನಡುಗಿದಾಗ ಅದು ಕೂತ ಹಲಗೆ ನಡುಗುತ್ತದೆ, ಹಲಗೆಯ ಮೇಲಿನ ಟರ್ನ್‌ಟೇಬಲ್ ನಡುಗುತ್ತದೆ, ಆ ನಡುಕವನ್ನು ಮುಳ್ಳು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಪೂರ್ತಿ ಗೂಂ ಎನ್ನುವ ಮಟ್ಟ ತಲುಪುವ ಬಹಳ ಮುಂಚೆಯೇ ಇದು ಸಂಗೀತವನ್ನು ಕೆಡಿಸುತ್ತಿರುತ್ತದೆ: ಘಟದ ಪೆಟ್ಟು ನಿಂತ ಮೇಲೂ ಅದರ ಬಾಲ ಉಳಿಯುತ್ತದೆ, ತಬಲಾದ ಡಗ್ಗಾ ಕೊಳಕಾಗಿ ಹರಡುತ್ತದೆ. ‘ಬೇಸ್ ಜಾಸ್ತಿ’ ಎಂದು ಜನ ದೂರುವುದು ಹಲವು ಸಲ ಈ ಬಾಲವನ್ನೇ. ವಾಲ್ಯೂಮ್ ತಗ್ಗಿಸಿದಾಗ ಸಂಗೀತಕ್ಕಿಂತ ಬೇಗ ಈ ಸದ್ದು ಕುಸಿದುಹೋಗುವುದೇ ಇದರ ಗುರುತು. ಕರೆಂಟಿನ ಗುಂಯ್ ಹಾಗೆ ಮಾಡುವುದಿಲ್ಲ.

ಕಂಪನ ಯಾವ ದಾರಿಯಿಂದ ಬರುತ್ತಿದೆ ಎಂದು ತಿಳಿಯಲು, ಮೂರನೆಯ ಸ್ಥಿತಿಯಲ್ಲಿ ವಾಲ್ಯೂಮನ್ನು ಗೂಂ ಹುಟ್ಟುವ ಮಟ್ಟಕ್ಕಿಂತ ತುಸು ಕೆಳಗಿಟ್ಟು, ಬೆರಳ ಗೆಣ್ಣಿನಿಂದ ನೆಲ, ಹಲಗೆ, ಗೋಡೆ ಇವುಗಳನ್ನು ಒಂದೊಂದಾಗಿ ಮೆಲ್ಲಗೆ ಬಡಿಯಿರಿ. ಎಲ್ಲಿ ಬಡಿದಾಗ ಸ್ಪೀಕರಿನಲ್ಲಿ ‘ಧಬ್’ ಎಂದು ಜೋರಾಗಿ ಕೇಳುತ್ತದೆಯೋ ಆ ದಾರಿ ತೆರೆದಿದೆ. ಪಾರದರ್ಶಕ ಮುಚ್ಚಳವನ್ನು ತೆಗೆದಿಟ್ಟು ಮತ್ತೊಮ್ಮೆ ನೋಡಿ. ಅಗಲವಾದ ಆ ಪ್ಲಾಸ್ಟಿಕ್ ಹಾಳೆ ಗಾಳಿಯ ಕಂಪನವನ್ನು ಹಾಯಿಯಂತೆ ಹಿಡಿದು ಕೆಳಗೆ ಇಳಿಸುತ್ತದೆ. ಮಹಡಿಯ ಆ ಕೋಣೆಯಲ್ಲಿ ನೆಲ ಬಡಿದರೂ ಧಬ್, ಶೋಕೇಸ್ ಬಡಿದರೂ ಧಬ್ ಎನ್ನುತ್ತಿತ್ತು. ಗೋಡೆಯನ್ನು ಬಡಿದಾಗ ಮಾತ್ರ ಏನೂ ಕೇಳಿಸಲಿಲ್ಲ.

ಇಲ್ಲಿ ಆ ರಬ್ಬರಿನ ಬಿಲ್ಲೆಗಳ ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೊಂದು ಹೇಗೆ ತಿರುಗುಬಾಣವಾಗುತ್ತದೆ ಎಂಬುದಕ್ಕೆ ಅದೇ ಉದಾಹರಣೆ. ಮೆತ್ತನೆಯ ಆಧಾರದ ಮೇಲೆ ಭಾರವಿಟ್ಟಾಗ ಆಧಾರ ಎಷ್ಟು ಕುಗ್ಗುತ್ತದೆ ಎಂಬುದರಿಂದ ಆ ಜೋಡಿಯ ಸಹಜ ಆವೃತ್ತಿ ಸಿಗುತ್ತದೆ: ಕುಗ್ಗಿದ ಅಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಬರುವುದೇ ಹರ್ಟ್ಜ್. ಒಂದು ಸೆಂಟಿಮೀಟರ್ ಕುಗ್ಗಿದರೆ 5 ಹರ್ಟ್ಜ್, ಎರಡು ಮಿಲಿಮೀಟರ್ ಕುಗ್ಗಿದರೆ 11 ಹರ್ಟ್ಜ್. ಗಡುಸಾದ ರಬ್ಬರಿನಲ್ಲಿ ಇದು ಇನ್ನೂ ಮೇಲೇರುತ್ತದೆ. ಇಂಥ ಆಧಾರ ತನ್ನ ಆವೃತ್ತಿಯ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನವನ್ನು ಮಾತ್ರ ತಡೆಯುತ್ತದೆ, ಅದಕ್ಕಿಂತ ಕೆಳಗಿನದನ್ನು ತಡೆಯುವುದಿರಲಿ, ಸಹಜ ಆವೃತ್ತಿಯ ಹತ್ತಿರ ಹೆಚ್ಚಿಸುತ್ತದೆ. ತೆಳುವಾದ ಬಿಲ್ಲೆಗಳು ಹೆಚ್ಚಿಸುವುದು 11ರಿಂದ 16 ಹರ್ಟ್ಜ್‌ನ ಪ್ರದೇಶವನ್ನು, ಅಂದರೆ ತೋಳು ಮತ್ತು ಕಾರ್ಟ್ರಿಡ್ಜ್ ತಾವೇ ದುರ್ಬಲವಾಗಿರುವ ಜಾಗದ ಪಕ್ಕದಲ್ಲೇ. ಬಿಲ್ಲೆಗಳನ್ನು ತೆಗೆದ ಕೂಡಲೇ ಗೂಂ ಹುಟ್ಟುವ ಮಟ್ಟ ತಿರುಪಿನಲ್ಲಿ ಒಂದು ಗೆರೆ ಮೇಲಕ್ಕೆ ಹೋಯಿತು.

ಪರಿಹಾರ ನಮ್ಮ ಹಳೆಯ ಮನೆಗಳಲ್ಲೇ ಇದೆ. ದಪ್ಪ ಗೋಡೆಯಲ್ಲಿ ಹುದುಗಿಸಿದ ಕಡಪ ಕಲ್ಲಿನ ಹಲಗೆ ಅಥವಾ ಗೋಡೆಯ ಗೂಡಿಗಿಂತ ಒಳ್ಳೆಯ ಟರ್ನ್‌ಟೇಬಲ್ ಪೀಠವನ್ನು ನಾನು ಕಂಡಿಲ್ಲ. ಮರದ ಜಂತೆಯ ನೆಲ ಎಷ್ಟೇ ಅಲುಗಲಿ, ಒಂದೂವರೆ ಅಡಿ ದಪ್ಪದ ಗೋಡೆ ಅಲುಗುವುದಿಲ್ಲ. ದೊಡ್ಡಪ್ಪನವರ ಕೋಣೆಯಲ್ಲಿ ಹಿತ್ತಾಳೆ ಪಾತ್ರೆಗಳನ್ನಿಟ್ಟಿದ್ದ ಕಲ್ಲಿನ ಹಲಗೆಯೊಂದು ಸ್ಪೀಕರುಗಳಿಗೆ ಅಡ್ಡವಾಗಿ ಪಕ್ಕದ ಗೋಡೆಯಲ್ಲಿತ್ತು. ಪಾತ್ರೆಗಳನ್ನು ಇಳಿಸಿ, ರಸಮಟ್ಟ ಇಟ್ಟು ನೋಡಿ, ಒಂದು ಮೂಲೆಗೆ ತಗಡಿನ ಚೂರು ಕೊಟ್ಟು ಸಮ ಮಾಡಿ, ಟರ್ನ್‌ಟೇಬಲ್ಲನ್ನು ಅಲ್ಲಿಗೆ ಸಾಗಿಸಿದೆವು. ಮೂರನೆಯ ಪರೀಕ್ಷೆಯನ್ನು ಮತ್ತೆ ಮಾಡಿದಾಗ ತಿರುಪು ಮುಕ್ಕಾಲು ದಾಟಿದರೂ ಗೂಂ ಹುಟ್ಟಲಿಲ್ಲ. ದೊಡ್ಡಪ್ಪ ಪಕ್ಕದಲ್ಲೇ ನಾಲ್ಕು ಹೆಜ್ಜೆ ಬಲವಾಗಿ ಊರಿ ನಡೆದು ನೋಡಿದರು, ಮುಳ್ಳು ಕದಲಲಿಲ್ಲ.

ಇಂಥ ಗೋಡೆಯಿಲ್ಲದ ಅಪಾರ್ಟ್‌ಮೆಂಟುಗಳಲ್ಲಿ ಭಾರವಾದ ಗ್ರಾನೈಟ್ ತುಂಡಿನ ಕೆಳಗೆ ಸ್ವಲ್ಪವೇ ಗಾಳಿ ತುಂಬಿದ ಚಿಕ್ಕ ಸೈಕಲ್ ಟ್ಯೂಬ್ ಇಟ್ಟರೆ, ಸೆಂಟಿಮೀಟರಿನಷ್ಟು ಕುಗ್ಗುವ ಮೆತ್ತನೆ ಆಧಾರ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಗಾಳಿ ಹೆಚ್ಚು ತುಂಬಿದರೆ ಅದೂ ಗಡುಸಾಗಿ ರಬ್ಬರಿನ ಬಿಲ್ಲೆಯಂತೆಯೇ ಆಗುತ್ತದೆ ಎಂಬುದು ನೆನಪಿರಲಿ. ಏನೇ ಮಾಡಿದರೂ ಸ್ಪೀಕರ್ ಮತ್ತು ಟರ್ನ್‌ಟೇಬಲ್ ಒಂದೇ ಹಲಗೆಯ ಮೇಲಿರುವುದು ಕೂಡದು.

ಯಂತ್ರದ ಗುಡುಗುಡು

ನಾಲ್ಕನೆಯ ಸ್ಥಿತಿಯಲ್ಲಿ ಮಾತ್ರ ಕೇಳುವ ಸದ್ದನ್ನು ಅದರ ಲಯದಿಂದ ಗುರುತಿಸಬಹುದು. 33⅓ ವೇಗದಲ್ಲಿ ತಟ್ಟೆ ಒಂದು ಸುತ್ತು ಬರಲು 1.8 ಸೆಕೆಂಡು ಬೇಕು. ಕೈಗಡಿಯಾರ ನೋಡುತ್ತಾ ಎಣಿಸಿದಾಗ ಪೆಟ್ಟು ಅದೇ ಅಂತರದಲ್ಲಿ ಬಿದ್ದರೆ ಅದು ಡೊಂಕಾದ ರೆಕಾರ್ಡಿನದು ಅಥವಾ ತಟ್ಟೆಯ ಮಧ್ಯದ ಬೇರಿಂಗಿನದು. ಸೆಕೆಂಡಿಗೆ ಎರಡು ಮೂರು ಪೆಟ್ಟು ಬಿದ್ದರೆ, ಹಳೆಯ ಪ್ಲೇಯರುಗಳಲ್ಲಿ ಮೋಟಾರಿಗೂ ತಟ್ಟೆಗೂ ನಡುವೆ ಉಜ್ಜಿಕೊಂಡು ತಿರುಗುವ ರಬ್ಬರ್ ಚಕ್ರ ಒಂದು ಕಡೆ ಚಪ್ಪಟೆಯಾಗಿದೆ. ಪ್ಲೇಯರನ್ನು ಚಾಲೂ ಸ್ಥಾನದಲ್ಲೇ ತಿಂಗಳುಗಟ್ಟಲೆ ಬಿಟ್ಟಾಗ ಹೀಗಾಗುತ್ತದೆ. ಚಕ್ರವನ್ನು ಬದಲಾಯಿಸಬೇಕು ಅಥವಾ ಹೊಸ ರಬ್ಬರ್ ಹಾಕಿಸಬೇಕು. ಲಯವೇ ಇಲ್ಲದೆ ಒಂದೇ ಸಮನೆ ಗುಡುಗಿದರೆ ಮೋಟಾರನ್ನು ಹಿಡಿದಿರುವ ರಬ್ಬರ್ ಬುಷ್‌ಗಳು ಕಲ್ಲಾಗಿರಬಹುದು: ನಾಲ್ಕು ಪೋಲಿನ ಮೋಟಾರ್ 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ ಸುಮಾರು 25 ಸುತ್ತು ಹಾಕುತ್ತದೆ, ಆ 25 ಹರ್ಟ್ಜ್ ನಡುಕ ನೇರವಾಗಿ ಮುಳ್ಳಿಗೆ ತಲುಪುತ್ತದೆ. ಬೆಲ್ಟ್ ಇರುವ ಯಂತ್ರಗಳಲ್ಲಿ ಈ ಕಾಟ ಕಡಿಮೆ.

ಮಧ್ಯದ ಬೇರಿಂಗನ್ನು ಪರೀಕ್ಷಿಸಲು ಬೆಲ್ಟ್ ಅಥವಾ ಚಕ್ರವನ್ನು ಬಿಡಿಸಿ, ತಟ್ಟೆಯನ್ನು ಕೈಯಿಂದ ತಿರುಗಿಸಿ, ಚಾಸಿಗೆ ಸ್ಕ್ರೂಡ್ರೈವರಿನ ತುದಿ ತಗುಲಿಸಿ ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ಕರಕರ ಸದ್ದಿದ್ದರೆ ತಟ್ಟೆಯನ್ನು ಮೇಲೆತ್ತಿ, ಹಳೆಯ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ತೆಗೆದು, ತಯಾರಕರು ಹೇಳಿದ ಎಣ್ಣೆಯನ್ನು ಎರಡು ಮೂರು ಹನಿ ಹಾಕಬೇಕು. ಕೊಬ್ಬರಿ ಎಣ್ಣೆ ಹಾಕಿದ ಬೇರಿಂಗುಗಳನ್ನು ನಾನು ನೋಡಿದ್ದೇನೆ. ಚಳಿಗಾಲದ ಬೆಳಗ್ಗೆ ಅದು ಗಟ್ಟಿಯಾಗುತ್ತದೆ, ಕಾಲಕ್ರಮದಲ್ಲಿ ಅಂಟಾಗುತ್ತದೆ. ಸ್ಪ್ರಿಂಗಿನ ಮೇಲೆ ತೂಗುವ ಯಂತ್ರವಾದರೆ ಸಾಗಣೆಗೆಂದು ಬಿಗಿದ ತಿರುಪುಗಳನ್ನು ಸಡಿಲಿಸಿದ್ದೀರೋ ಇಲ್ಲವೋ ಎಂಬುದನ್ನೂ ನೋಡಿಕೊಳ್ಳಿ.

ಸದ್ದಿಲ್ಲದೆ ಕುಣಿಯುವ ಕೋನು

ಇನ್ನು ಮೂರನೆಯ ದೋಷ. ಯಾವ ರೆಕಾರ್ಡೂ ಪೂರ್ತಿ ಸಪಾಟಾಗಿರುವುದಿಲ್ಲ. ಅಟ್ಟದ ಬಿಸಿಯಲ್ಲಿ ಮಲಗಿಸಿಟ್ಟದ್ದಂತೂ ಇಲ್ಲವೇ ಇಲ್ಲ. ಆ ಏರಿಳಿತಗಳು ಸೆಕೆಂಡಿಗೆ ಅರ್ಧದಿಂದ ಏಳೆಂಟು ಸಲದವರೆಗೆ ಬರುತ್ತವೆ. ತೋಳಿನ ಭಾರ ಮತ್ತು ಮುಳ್ಳಿನ ಸಣ್ಣ ರಬ್ಬರಿನ ಮೆತುತನ ಸೇರಿ ತಮ್ಮದೇ ಆದ ಒಂದು ಅನುರಣನ ಆವೃತ್ತಿಯನ್ನು ಹೊಂದಿರುತ್ತವೆ. ಅದು 8ರಿಂದ 12 ಹರ್ಟ್ಜ್ ನಡುವೆ ಇದ್ದರೆ ಕೆಳಗಿನ ಡೊಂಕಿಗೂ ಮೇಲಿನ ಸಂಗೀತಕ್ಕೂ ತಗುಲದೆ ನಡುವೆ ನಿಲ್ಲುತ್ತದೆ. ಕೆಳಗಿಳಿದರೆ ಪ್ರತಿ ಡೊಂಕೂ ಹಲವು ಪಟ್ಟಾಗಿ ವೂಫರನ್ನು ಕುಣಿಸುತ್ತದೆ. ಕಿವಿಗೆ ಕೇಳದಿದ್ದರೂ ಅದು ಆಂಪ್ಲಿಫೈಯರಿನ ಶಕ್ತಿಯನ್ನು ತಿನ್ನುತ್ತದೆ, ಮೇಲಿನ ಸ್ವರಗಳನ್ನು ನಡುಗಿಸುತ್ತದೆ. ಗಾಳಿಕಿಂಡಿಯಿರುವ ಸ್ಪೀಕರುಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಅಷ್ಟು ತಗ್ಗಿನಲ್ಲಿ ಕೋನನ್ನು ಹಿಡಿದು ನಿಲ್ಲಿಸುವ ಗಾಳಿಯ ಒತ್ತು ಅಲ್ಲಿರುವುದಿಲ್ಲ.

ಲೆಕ್ಕ ಸರಳ: ತೋಳಿನ ಪರಿಣಾಮಕಾರಿ ಭಾರ (ಎಫೆಕ್ಟಿವ್ ಮಾಸ್), ಕಾರ್ಟ್ರಿಡ್ಜ್ ಮತ್ತು ತಿರುಪುಗಳ ಭಾರ ಇವನ್ನು ಗ್ರಾಂನಲ್ಲಿ ಕೂಡಿಸಿ, ಕಾರ್ಟ್ರಿಡ್ಜಿನ ಕಾಗದದಲ್ಲಿ ಕಾಂಪ್ಲಯನ್ಸ್ (ಮುಳ್ಳಿನ ಮೆತುತನ) ಎಂದು ಕೊಟ್ಟ ಸಂಖ್ಯೆಯಿಂದ ಗುಣಿಸಿ, ಅದರ ವರ್ಗಮೂಲದಿಂದ 159ನ್ನು ಭಾಗಿಸಿ. ದೊಡ್ಡಪ್ಪನವರ ತೋಳು 16 ಗ್ರಾಂ, ಹೊಸ ಕಾರ್ಟ್ರಿಡ್ಜ್ 6, ತಿರುಪು 1, ಒಟ್ಟು 23, ಕಾಂಪ್ಲಯನ್ಸ್ 30. ಉತ್ತರ 6 ಹರ್ಟ್ಜ್, ಡೊಂಕುಗಳ ಪ್ರದೇಶದ ನಡುಮಧ್ಯೆ. ಕಾರ್ಟ್ರಿಡ್ಜ್ ಕೆಟ್ಟದ್ದಾಗಿರಲಿಲ್ಲ, ಅಷ್ಟು ಭಾರದ ತೋಳಿಗೆ ಅದು ಜೋಡಿಯಲ್ಲ, ಅಷ್ಟೇ. ಅವರ ಹಳೆಯ ಕಾರ್ಟ್ರಿಡ್ಜಿನ ಕಾಂಪ್ಲಯನ್ಸ್ 12 ಇತ್ತು, ಭಾರವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಹೊಸ ಮುಳ್ಳನ್ನು ಮಾತ್ರ ತರಿಸಿ ಮರಳಿ ಹಾಕಿದಾಗ ಲೆಕ್ಕ 9.6ಕ್ಕೆ ಬಂದಿತು, ಕೋನಿನ ಕುಣಿತ ನಿಂತಿತು. ಜಪಾನಿನ ತಯಾರಕರು ಕಾಂಪ್ಲಯನ್ಸನ್ನು 100 ಹರ್ಟ್ಜ್‌ನಲ್ಲಿ ಅಳೆದು ಕೊಡುವುದು ವಾಡಿಕೆ. ಆಗ ಆ ಸಂಖ್ಯೆಯನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿ ಲೆಕ್ಕ ಹಾಕಬೇಕು.

ಕಾರ್ಟ್ರಿಡ್ಜ್ ಬದಲಾಯಿಸಲು ಆಗದಿದ್ದರೆ ಆಂಪ್ಲಿಫೈಯರಿನಲ್ಲಿ ಸಬ್‌ಸಾನಿಕ್ ಎಂಬ ಗುಂಡಿಯಿದೆಯೇ ನೋಡಿ. ಸುಮಾರು 20 ಹರ್ಟ್ಜ್‌ಗಿಂತ ಕೆಳಗಿನದನ್ನು ಅದು ಕತ್ತರಿಸುತ್ತದೆ. ಸಂಗೀತಕ್ಕೆ ನಷ್ಟವೇನೂ ಆಗುವುದಿಲ್ಲ. ಆದರೆ 50 ಹರ್ಟ್ಜ್‌ನ ಗುಂಯ್‌ಗೆ ಅದು ಮದ್ದಲ್ಲ.

ರೆಕಾರ್ಡಿನೊಳಗೇ ಇರುವ ಸದ್ದು

ಇಷ್ಟೆಲ್ಲ ಆದ ಮೇಲೂ ಮೂರು ರೆಕಾರ್ಡುಗಳಲ್ಲಿ ಒಂದರಲ್ಲಿ ಮಾತ್ರ ಗುಡುಗುಡು ಉಳಿದರೆ ಯಂತ್ರವನ್ನು ಮುಟ್ಟಬೇಡಿ. ಅದು ಕೊರೆದ ಯಂತ್ರದಿಂದ ಅಥವಾ ಧ್ವನಿಮುದ್ರಣದ ಕೋಣೆಯಿಂದಲೇ ಗೀರಿನೊಳಗೆ ಸೇರಿದ್ದು. ಹಳೆಯ ಚಿತ್ರಗೀತೆಗಳ ಮೋನೋ ರೆಕಾರ್ಡಾದರೆ ಆಂಪ್ಲಿಫೈಯರಿನ ಮೋನೋ ಗುಂಡಿಯನ್ನು ಒತ್ತಿ: ಮೋನೋ ಗೀರಿನ ಸಂಗೀತ ಅಕ್ಕಪಕ್ಕದ ಚಲನೆಯಲ್ಲಿದೆ, ಮೇಲೆ ಕೆಳಗಿನ ಚಲನೆಯಲ್ಲಿರುವುದು ಬರೀ ಗದ್ದಲ, ಎರಡು ಕಡೆಯ ಸಂಕೇತಗಳನ್ನು ಕೂಡಿಸಿದಾಗ ಆ ಮೇಲೆ ಕೆಳಗಿನ ಭಾಗ ಒಂದನ್ನೊಂದು ಅಳಿಸಿಹಾಕುತ್ತದೆ. ಸ್ಟೀರಿಯೋ ರೆಕಾರ್ಡಿನಲ್ಲಿಯೂ ಇದನ್ನು ಪರೀಕ್ಷೆಗಾಗಿ ಒತ್ತಿ ನೋಡಬಹುದು. ಸದ್ದು ಗಣನೀಯವಾಗಿ ಕುಸಿದರೆ ಕಂಪನ ಮೇಲೆ ಕೆಳಗಿನದು, ಅಂದರೆ ಡೊಂಕು ಅಥವಾ ಬೇರಿಂಗಿನ ತಳದ ಕಡೆ ಹುಡುಕಬೇಕು ಎಂಬ ಸುಳಿವು ಸಿಗುತ್ತದೆ.

ದೊಡ್ಡಪ್ಪನವರ ಸಂಗ್ರಹದಲ್ಲಿ ಇಂಥವು ಏಳು ಸಿಕ್ಕವು. ಪ್ರತಿಯೊಂದರ ಒಳಕವಚದ ಮೇಲೆ ಅವರು ಪೆನ್ಸಿಲಿನಲ್ಲಿ ‘ಗುಂಯ್ ತಟ್ಟೆಯದೇ, ಮೋನೋ ಒತ್ತುವುದು’ ಎಂದು ಬರೆದು, ಕೆಳಗೆ ತಾರೀಖು ಹಾಕಿ ಇಟ್ಟಿದ್ದಾರೆ.